ಐದು ಸೆಂಟಿಮೀಟರ್ ಅಂಚು

ತುಮಕೂರಿನ ಹತ್ತಿರ ನಮ್ಮದೊಂದು ರಾಗಿ ಮಿಷನ್ ಇದೆ. ಮಿಷನ್ ಅಂದರೆ ಹಿಟ್ಟಿನ ಗಿರಣಿ, ನಮ್ಮ ಕಡೆ ಹಾಗೇ ಹೇಳೋದು. ಬೆಳಿಗ್ಗೆ ಯಜಮಾನರು ಕೂರುತ್ತಾರೆ, ಸಂಜೆ ನಾನು. 20 ವರ್ಷದಿಂದ ಜನ ತರುವ ಡಬ್ಬಗಳನ್ನು ನೋಡುತ್ತಿದ್ದೇನೆ. ಡಬ್ಬ ನೋಡಿದರೆ ಸಾಕು, ಯಾರ ಮನೆಯದು ಅಂತ ಹೇಳಿಬಿಡುತ್ತೇನೆ.

ಒಂದು ವಿಷಯ ಮಾತ್ರ ಎಲ್ಲರ ಡಬ್ಬದಲ್ಲೂ ಒಂದೇ. ತಳದಲ್ಲಿ ನಾಲ್ಕು ಬೆರಳು ಹಳೆ ಹಿಟ್ಟು ಇರುತ್ತದೆ. ಅದರ ಮೇಲೇ ಹೊಸದು ಹಾಕಿಸಿಕೊಂಡು ಹೋಗುತ್ತಾರೆ. ಮುಂದಿನ ಸಲ ಬಂದಾಗಲೂ ಅದೇ ನಾಲ್ಕು ಬೆರಳು ಅಲ್ಲೇ ಕೂತಿರುತ್ತದೆ. ರಾಗಿ ಕಾಳಾಗಿದ್ದರೆ ವರ್ಷಗಟ್ಟಲೆ ಕೆಡದು. ಹಿಟ್ಟಾದ ಮೇಲೆ ಆ ಆಟ ನಡೆಯಲ್ಲ. ಬೇಸಿಗೆಯಲ್ಲಿ ಕಹಿ ತಿರುಗುತ್ತದೆ, ಮಳೆಗಾಲದಲ್ಲಿ ಮುಗ್ಗಲು ವಾಸನೆ, ಆಮೇಲೆ ಗೂಡು, ಹುಳ. ಆಗ ಬಂದು ನನ್ನ ಹತ್ತಿರ ಜಗಳ. "ಏನಕ್ಕಾ, ಹೋದ ವಾರ ಬೀಸಿಸಿದ ಹಿಟ್ಟು, ಆಗಲೇ ಹುಳ!" ಹುಳ ನನ್ನ ಮಿಷನ್ನಿನದಲ್ಲ ಕಣಮ್ಮಾ, ನಿನ್ನ ಡಬ್ಬದ ತಳದ್ದು ಅಂತ ಎಷ್ಟು ಜನಕ್ಕೆ ಹೇಳಲಿ?

ಡಬ್ಬ ಖಾಲಿ ಮಾಡಿ ಒರೆಸಿಕೊಂಡು ಬನ್ನಿ ಅಂತ ಒಂದು ಬೋರ್ಡ್ ಬರೆಸಿದೆ. ಯಾರೂ ಓದಲಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಮನೆ ಡಬ್ಬದಲ್ಲೂ ಆ ನಾಲ್ಕು ಬೆರಳು ಇತ್ತು.

ಮೊದಲು ತಲೆಗೆ ಬಂದದ್ದು ಅಜ್ಜಿ ಮನೆಯ ಕಣಜ. ಅದರ ಬುಡದಲ್ಲಿ ಒಂದು ತೂತು ಇತ್ತು, ಹಳೆ ಬಟ್ಟೆ ತುರುಕಿ ಮುಚ್ಚುತ್ತಿದ್ದರು. ಬಟ್ಟೆ ಎಳೆದರೆ ಕಾಳು ಸುರಿಯುತ್ತಿತ್ತು. ಮೇಲಿಂದ ಹೊಸದು, ಕೆಳಗಿಂದ ಹಳೆಯದು. ಹಿಟ್ಟಿನ ಡಬ್ಬಕ್ಕೂ ಹಾಗೇ ಒಂದು ಬಾಯಿ ಇಟ್ಟರೆ? ಆದರೆ ಮಿಷನ್ ನಡೆಸುವವಳಿಗೆ ಅದು ಆಗದ ಕೆಲಸ ಅಂತ ಅರ್ಧ ಗಂಟೆಯಲ್ಲೇ ಹೊಳೆಯಿತು. ಕಾಳು ನೀರಿನ ಹಾಗೆ ಹರಿಯುತ್ತದೆ, ಹಿಟ್ಟು ಹರಿಯಲ್ಲ. ತೂತಿನ ಮೇಲೆ ಕಮಾನು ಕಟ್ಟಿಕೊಂಡು ನಿಂತುಬಿಡುತ್ತದೆ. ನಮ್ಮ ಮಿಷನ್ನಿನಲ್ಲಿ ಹಿಟ್ಟು ಬೀಳುವ ಬಟ್ಟೆ ಕೊಳವೆಗೆ ದಿನಾ ಕೋಲಿನಲ್ಲಿ ಬಡಿಯುವುದು ಇನ್ಯಾಕೆ?

ಹಾಗಾದರೆ ಹಿಟ್ಟು ಕೆಳಗೆ ಬರುವುದು ಬೇಡ, ಡಬ್ಬವೇ ತಿರುಗಲಿ. ಎರಡೂ ಕಡೆ ಬಾಯಿ, ಎರಡೂ ಕಡೆ ಮುಚ್ಚಳ. ಹೊಸ ಹಿಟ್ಟು ಹಾಕಿ, ಮುಚ್ಚಿ, ಬುಡಮೇಲು ಮಾಡಿ ಇಟ್ಟರೆ ತಳದ್ದು ಮೇಲೆ ಬಂತು. ಅಷ್ಟೇ.

2021ರಲ್ಲಿ ಟ್ರಂಕ್ ಮಾಡುವವರ ಅಂಗಡಿಗೆ ಹೋಗಿ, 28 ಸೆಂಟಿಮೀಟರ್ ಅಗಲ, 36 ಎತ್ತರದ ಒಂದು ಸ್ಟೀಲ್ ಡಬ್ಬದ ತಳ ಕತ್ತರಿಸಿಕೊಡಿ ಅಂದೆ. ಅವರು ಡಬ್ಬವನ್ನೂ ನೋಡಿದರು, ನನ್ನನ್ನೂ ನೋಡಿದರು. "ಅಮ್ಮಾ, ತೂತಾದ ಡಬ್ಬಕ್ಕೆ ತಳ ಹಾಕಿಸೋಕೆ ಬರ್ತಾರೆ. ನೀವು ಚೆನ್ನಾಗಿರೋ ತಳ ತೆಗಿ ಅಂತೀರಲ್ಲ?"

ಮೊದಲ ಡಬ್ಬದ ಕಥೆ ಒಂದೇ ಸಾಲಿನದು. 10 ಕೆಜಿ ರಾಗಿ ಹಿಟ್ಟು ತುಂಬಿ ಎತ್ತಿದೆ, ಕೆಳಗಿನ ಮುಚ್ಚಳ ಕಳಚಿತು, ಹಿಟ್ಟೆಲ್ಲ ಅತ್ತೆಯ ಕಾಲ ಮೇಲೆ. ಅವರು ಮೊಣಕಾಲಿನ ತನಕ ಹಿಟ್ಟಿನಲ್ಲಿ ನಿಂತುಕೊಂಡೇ "ಇದಕ್ಕೆ ಎಷ್ಟು ದುಡ್ಡು ಕೊಟ್ಟೆ?" ಅಂದರು. ಎರಡನೆಯದಕ್ಕೆ ಟಿಫಿನ್ ಕ್ಯಾರಿಯರ್ ತರ ಕ್ಲಿಪ್ ಹಾಕಿಸಿದೆ, ಅದು ಬಾಗಿತು. ಮೂರನೆಯದಕ್ಕೆ ಹಳೆ ಬಲ್ಬ್ ಹೋಲ್ಡರ್ ನೋಡಿ ಬುದ್ಧಿ ಬಂತು. ಒತ್ತಿ ತಿರುಗಿಸಿದರೆ ಕೂತುಕೊಳ್ಳುವ ಗುಬಟು. ಮುಚ್ಚಳವನ್ನು ಕಂಠದಿಂದ ಒಂದು ಬೆರಳು ಒಳಗೆ ಕೂರಿಸಿದೆವು. ಆಗ ಡಬ್ಬ ತನ್ನ ಕಂಠದ ಮೇಲೆ ನಿಲ್ಲುತ್ತದೆ, ಮುಚ್ಚಳಕ್ಕೆ ನೆಲ ತಾಗುವುದಿಲ್ಲ. ಇದು ನಿಂತಿತು.

ಮಗ ಖುಷಿಯಲ್ಲಿ ವಿಡಿಯೊ ಮಾಡಿ ಇನ್‌ಸ್ಟಾಗ್ರಾಂಗೆ ಹಾಕಿದ. "ಅಮ್ಮನ ಹೊಸ ಇನ್ವೆನ್ಶನ್." ಎರಡು ದಿನ ಇತ್ತು. ಈ ಎರಡು ದಿನ ಆಮೇಲೆ ನನ್ನ ನಿದ್ದೆ ಕೆಡಿಸಿತು.

ಪೇಟೆಂಟ್ ಮಾಡಿಸಿ, ನೀವು ಕಂಡುಹಿಡಿದದ್ದನ್ನು ಬೇರೆಯವರು ಮಾಡಿ ಮಾರದ ಹಾಗೆ ಸರ್ಕಾರ ಹಕ್ಕು ಕೊಡುತ್ತದೆ ಅಂತ ಹೇಳಿದ್ದು ಮಿಷನ್ನಿಗೆ ಬರುವ ಒಬ್ಬ ನಿವೃತ್ತ ಮೇಷ್ಟ್ರು. ನನಗೆ ಪೇಟೆಂಟ್ ಅಂದರೆ ದೊಡ್ಡ ಕಂಪನಿ, ಔಷಧ, ಮೊಬೈಲು ಅಂತ ಇತ್ತು. ಅವರು ನಕ್ಕು ಒಂದು ಸಂಗತಿ ಹೇಳಿದರು. ನಮ್ಮ ದೇಶದ ಮೊದಲ ಪೇಟೆಂಟ್ ಅರ್ಜಿ 1856ರದ್ದು. ಕಲ್ಕತ್ತಾದ ಜಾರ್ಜ್ ಆಲ್ಫ್ರೆಡ್ ಡಿ ಪೆನ್ನಿಂಗ್ ಅನ್ನುವ ಎಂಜಿನಿಯರ್ ಕೇಳಿಕೊಂಡಿದ್ದು ಯಾತಕ್ಕೆ ಅಂದರೆ, ತೂಗು ಪಂಕ ಎಳೆಯುವ ಯಂತ್ರಕ್ಕೆ. ಸೆಖೆಗೆ ಗಾಳಿ ಬೀಸುವ ಸಾಮಾನಿಗೆ ಅರ್ಜಿ ಹಾಕಬಹುದಾದರೆ ಹಿಟ್ಟಿನ ಡಬ್ಬ ಏನು ಪಾಪ ಮಾಡಿದೆ, ಅಲ್ವಾ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಆವರಣದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದೆ, ಅಲ್ಲೊಂದು ಪೇಟೆಂಟ್ ಮಾಹಿತಿ ಕೇಂದ್ರ ಇದೆ. ಮೊದಲು ಅಲ್ಲಿಗೆ ಹೋದೆ. ದಾರಿ ಅರ್ಥವಾಯಿತು. ಆಮೇಲೆ ಪರಿಚಯದವರ ಮೂಲಕ ಒಬ್ಬ ಪೇಟೆಂಟ್ ಏಜೆಂಟ್, ಅಂದರೆ ಅರ್ಜಿ ಬರೆದುಕೊಟ್ಟು ನಮ್ಮ ಪರವಾಗಿ ವಾದಿಸುವವರು, ಸಿಕ್ಕರು. ನನಗಿಂತ ಹತ್ತು ವರ್ಷ ಚಿಕ್ಕವರು, ಕಡ್ಡಿ ಮುರಿದಂತೆ ಮಾತು. ಡಬ್ಬವನ್ನು ಎರಡು ಸಲ ತಿರುಗಿಸಿ ನೋಡಿ, ಮೊದಲು ಕೇಳಿದ್ದೇ "ಯಾರಿಗಾದರೂ ತೋರಿಸಿದ್ದೀರಾ?"

ವಿಡಿಯೊ ವಿಷಯ ಹೇಳಿದೆ. ಅವರ ಮುಖ ಸಣ್ಣದಾಯಿತು. ಅರ್ಜಿ ಹಾಕುವ ಮೊದಲೇ ಊರಿಗೆಲ್ಲ ತೋರಿಸಿದ ಸಾಮಾನು ಕಾನೂನಿನ ಕಣ್ಣಿಗೆ ಹೊಸದಲ್ಲ. ಸಂತೆಯಲ್ಲಿ ಮಾರಿದರೂ ಅಷ್ಟೇ, ಸ್ತ್ರೀಶಕ್ತಿ ಸಂಘದ ಮೇಳದಲ್ಲಿ ಇಟ್ಟರೂ ಅಷ್ಟೇ. ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ಪ್ರದರ್ಶನಕ್ಕೆ ಮಾತ್ರ ಒಂದು ವರ್ಷದ ರಿಯಾಯಿತಿ ಇದೆ. ಮಗನ ಇನ್‌ಸ್ಟಾಗ್ರಾಂ ಆ ಪಟ್ಟಿಯಲ್ಲಿ ಬರಲ್ಲ.

ಆಮೇಲೆ ಅವರು ಕಂಪ್ಯೂಟರ್ ತೆರೆದು ಹುಡುಕಿದರು. ಗೂಗಲ್ ಪೇಟೆಂಟ್ಸ್, ನಮ್ಮ ಪೇಟೆಂಟ್ ಕಚೇರಿಯ ಹುಡುಕುತಾಣ. ಜಗತ್ತಿನ ಪೇಟೆಂಟನ್ನೆಲ್ಲ ಗುಂಪು ಮಾಡಿ ನಂಬರ್ ಕೊಟ್ಟಿರುತ್ತಾರೆ, ಅಡುಗೆಮನೆ ಸಾಮಾನಿಗೆ ಎ47ಜೆ ಅಂತ. ಕಾಲು ಗಂಟೆಯಲ್ಲಿ ಎರಡು ಮುಚ್ಚಳದ ಡಬ್ಬ ಸಿಕ್ಕಿತು. ಒಂದಲ್ಲ, ಸಾಲುಸಾಲು. ಕೆಲವು ನಾನು ಹುಟ್ಟುವ ಮೊದಲಿನವು.

ಎದ್ದು ಬರೋಣ ಅನ್ನಿಸಿತು. ಮಗನ ವಿಡಿಯೊದಿಂದ ಹಾಳಾಗಲು ಅಲ್ಲಿ ಏನೂ ಇರಲೇ ಇಲ್ಲ. ಕಾಫಿ ತರಿಸಿ ಅವರು ಕೇಳಿದರು: "ಇದು ಚೆನ್ನಾಗಿ ಕೆಲಸ ಮಾಡ್ತಾ ಇದೆಯಾ? ಏನಾದರೂ ತೊಂದರೆ?"

ತೊಂದರೆ ಇತ್ತು. ತಿರುಗಿಸುವಾಗ ಹಿಟ್ಟು ದೊಪ್ಪನೆ ಕೆಳಗೆ ಬೀಳುತ್ತದೆ, ಆಗ ಹಳೆಯದು ಹೊಸದು ಕಲೆಸಿಹೋಗುತ್ತದೆ. ಹಳೆಯದು ಎಲ್ಲಿಗೆ ಮುಗಿಯಿತು ಅಂತಲೂ ತಿಳಿಯುವುದಿಲ್ಲ. ಅದಕ್ಕೇ ಆಗ ತಾನೇ ಒಂದು ಊಟದ ತಟ್ಟೆ ಕತ್ತರಿಸಿ, ಹಳೆ ಹಿಟ್ಟಿನ ಮೇಲೆ ಕವುಚಿ ಹಾಕಿ, ಅದರ ಮೇಲೆ ಹೊಸದು ಸುರಿಯಲು ಶುರು ಮಾಡಿದ್ದೆ. ಸುಮ್ನೆ, ಗುರುತಿಗೆ. ಇದನ್ನು ಹೇಳಿದಾಗ ಆಕೆ ಪೆನ್ನು ಕೆಳಗಿಟ್ಟರು. "ಈ ತಟ್ಟೆ ವಿಡಿಯೊದಲ್ಲಿ ಇದೆಯಾ?" ಇಲ್ಲ. "ಮನೆಯವರನ್ನು ಬಿಟ್ಟು ಯಾರಾದರೂ ನೋಡಿದ್ದಾರಾ?" ಇಲ್ಲ. "ಹಾಗಾದರೆ ಇನ್ನು ತೋರಿಸಬೇಡಿ."

2022ರ ಫೆಬ್ರುವರಿಯಲ್ಲಿ ತಾತ್ಕಾಲಿಕ ಅರ್ಜಿ ಹಾಕಿದೆವು. ನಮ್ಮ ಅರ್ಜಿ ಹೋಗುವುದು ಚೆನ್ನೈ ಕಚೇರಿಗೆ, ಕರ್ನಾಟಕ ಅದರ ವ್ಯಾಪ್ತಿ. ಎಲ್ಲ ಆನ್‌ಲೈನ್. ಕಂಪನಿ ಅಲ್ಲದ ಸಾಮಾನ್ಯ ವ್ಯಕ್ತಿಗೆ ಅರ್ಜಿ ಶುಲ್ಕ 1,600 ರೂಪಾಯಿ. ನನಗೆ ನಂಬಿಕೆಯೇ ಬರಲಿಲ್ಲ, ಡಬ್ಬಗಳಿಗೆ ಅದರ ನಾಲ್ಕರಷ್ಟು ಸುರಿದಿದ್ದೆ. ಏಜೆಂಟರ ಫೀಸು ಬೇರೆ, ಕೊನೆವರೆಗೂ ಸೇರಿ 30,000 ಆಯಿತು. ತಾತ್ಕಾಲಿಕ ಅರ್ಜಿ ಹಾಕಿದ ದಿನದಿಂದ 12 ತಿಂಗಳೊಳಗೆ ಪೂರ್ತಿ ವಿವರಣೆ ಕೊಡಬೇಕು, ಇಲ್ಲದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. "ಈ ವರ್ಷ ನಿಮ್ಮದು. ತಟ್ಟೆ ಸರಿ ಮಾಡಿಕೊಳ್ಳಿ, ಪ್ರತಿ ಸಲ ಏನಾಯಿತು ಅಂತ ಬರೆದಿಡಿ. ಕೆಟ್ಟಿದ್ದನ್ನೂ ಬರೀರಿ" ಅಂದರು. ಕೆಟ್ಟಿದ್ದನ್ನು ಯಾಕೆ ಅಂತ ನನಗೆ ಅರ್ಥವಾಗಲಿಲ್ಲ. ಆದರೂ ಸಾಲದ ಲೆಕ್ಕದ ಪುಸ್ತಕದ ಹಿಂದಿನಿಂದ ಬರೆಯಲು ಶುರು ಮಾಡಿದೆ.

ತಟ್ಟೆ ನನ್ನನ್ನು ಆಡಿಸಿದ ಪರಿ ಯಾರಿಗೂ ಬೇಡ. ಡಬ್ಬ ತಿರುಗಿಸಿದಾಗ ತಟ್ಟೆ ಹಿಟ್ಟಿನ ಜೊತೆ ನೆಟ್ಟಗೆ ಜಾರಬೇಕು. ಅದು ಜಾರುತ್ತಿರಲಿಲ್ಲ, ಓರೆಯಾಗಿ ಕಚ್ಚಿಕೊಳ್ಳುತ್ತಿತ್ತು. ಹಳೆ ಮೇಜಿನ ಡ್ರಾಯರನ್ನು ಒಂದು ಕಡೆಯಿಂದ ಎಳೆದರೆ ಸಿಕ್ಕಿಕೊಳ್ಳುತ್ತದಲ್ಲ, ಹಾಗೆ. ಅರ್ಧ ಹಿಟ್ಟು ಕೆಳಗೆ, ಅರ್ಧ ಮೇಲೆ, ಮಧ್ಯದಲ್ಲಿ ತಟ್ಟೆ ಗಂಟಲಲ್ಲಿ ಸಿಕ್ಕ ಮುದ್ದೆಯ ಹಾಗೆ. ತಟ್ಟೆ ಚಿಕ್ಕದು ಮಾಡಿದರೆ ಕಚ್ಚಲ್ಲ, ಆದರೆ ಸಂದಿಯಲ್ಲಿ ಹಿಟ್ಟು ಸೋರಿ ಕಲೆಸುತ್ತದೆ.

ಡ್ರಾಯರಿಂದಲೇ ಉತ್ತರ ಬಂತು. ಒಳಕ್ಕೆ ಉದ್ದ ಇರುವ ಡ್ರಾಯರ್ ಕಚ್ಚುವುದು ಕಡಿಮೆ, ಗಿಡ್ಡ ಡ್ರಾಯರ್ ಜಾಸ್ತಿ. ಅಂದರೆ ತಟ್ಟೆಗೆ ಗೋಡೆಯನ್ನು ಒತ್ತಿಕೊಂಡು ಹೋಗುವ ಅಂಚು ಬೇಕು. ಟ್ರಂಕ್ ಅಂಗಡಿಯವರು 1 ಸೆಂಟಿಮೀಟರ್ ಅಂಚು ಹಾಕಿಕೊಟ್ಟರು. ಹತ್ತು ಸಲದಲ್ಲಿ ಎಂಟು ಸಲ ಕಚ್ಚಿತು. 2 ಸೆಂಟಿಮೀಟರ್, ಆರು ಸಲ. 3, ಎರಡು ಸಲ. 5 ಸೆಂಟಿಮೀಟರ್ ಅಂಚಿಗೆ ಕಚ್ಚಲೇ ಇಲ್ಲ. ಬಾಣಲೆಯಷ್ಟು ಆಳದ ತಟ್ಟೆ ಆಗಿಹೋಯಿತು. ಅದರಿಂದ ಕೇಳದೆ ಬಂದ ಲಾಭವೂ ಒಂದಿತ್ತು. ಕವುಚಿದ ತಟ್ಟೆ ಡಬ್ಬ ತಿರುಗಿಸಿದ ಮೇಲೆ ಬಾಯಿ ಮೇಲಾಗಿ ಕೂರುತ್ತದೆ. ಕೊನೆಯ ಹಳೆ ಹಿಟ್ಟು ಅದರೊಳಗೇ ಉಳಿಯುತ್ತದೆ. ತಟ್ಟೆ ಎತ್ತಿದರೆ ಹಳೆಯದು ಪೂರ್ತಿ ಆಚೆ, ಕೆಳಗೆ ಹೊಸದು.

ಇನ್ನೂ ಒಂದು ಕಿರಿಕಿರಿ ಉಳಿದಿತ್ತು. ತಟ್ಟೆ ಕವುಚಿ ಒತ್ತುವಾಗ ಒಳಗಿನ ಗಾಳಿ ಅಂಚಿನಿಂದ ಬುಸ್ ಅಂತ ಹಿಟ್ಟು ಎಬ್ಬಿಸಿ ಮುಖಕ್ಕೆ ಎರಚುತ್ತಿತ್ತು. ತಿರುಗಿಸುವಾಗ ಅದೇ ಗಾಳಿ ತಟ್ಟೆಯನ್ನು ಹಿಡಿದುಕೊಳ್ಳುತ್ತಿತ್ತು. ಎಂಟು ಸೂಜಿ ತೂತು ಹೊಡೆಸಿದೆ. ನಿಂತಿತು. ಪುಸ್ತಕದಲ್ಲಿ ಅಷ್ಟು ಹೊತ್ತಿಗೆ ಪುಟಗಟ್ಟಲೆ ಪ್ರಯತ್ನ ಬರೆದಿದ್ದೆ, ಅದರಲ್ಲಿ ಎಷ್ಟೋ "ಕೆಟ್ಟಿತು".

ಪೂರ್ತಿ ವಿವರಣೆ ಬರೆಯುವಾಗ ನನ್ನ ಡಬ್ಬ ನನಗೇ ಗುರುತು ಸಿಗದ ಹಾಗೆ ಆಯಿತು. ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲೇ ಕೊಡಬೇಕು, ಕನ್ನಡದಲ್ಲಿ ತೆಗೆದುಕೊಳ್ಳಲ್ಲ. ಈ ಬೇಜಾರು ನನಗೆ ಇನ್ನೂ ಇದೆ. ಡಬ್ಬ 'ಸಿಲಿಂಡರ್ ಆಕಾರದ ಪಾತ್ರೆ' ಆಯಿತು, ತಟ್ಟೆ 'ಚಲಿಸುವ ವಿಭಜಕ' ಆಯಿತು, ಬಲ್ಬ್ ಹೋಲ್ಡರ್ ಗುಬಟಿಗೂ ಒಂದು ದೊಡ್ಡ ಹೆಸರು. ಕೊನೆಯಲ್ಲಿ ಕ್ಲೇಮ್ ಅಂತ ಬರುತ್ತದೆ. ನನ್ನದು ಅಂತ ನಾನು ಹಾಕುವ ಬೇಲಿ ಅದು. ಒಂದೊಂದು ಕ್ಲೇಮೂ ಒಂದೇ ವಾಕ್ಯ. ಮೊದಲ ಕ್ಲೇಮು ಅರ್ಧ ಪುಟ ಇತ್ತು, ಓದಿ ಮುಗಿಸುವಷ್ಟರಲ್ಲಿ ಉಸಿರು ಕಟ್ಟಿತು. ಏಜೆಂಟರು ನನ್ನ ಲೆಕ್ಕದ ಪುಸ್ತಕ ತೆಗೆದುಕೊಂಡು 1, 2, 3 ಸೆಂಟಿಮೀಟರ್ ಅಂಚುಗಳು ಎಷ್ಟು ಸಲ ಕಚ್ಚಿದವು ಅಂತ ಪಟ್ಟಿ ಮಾಡಿ ಒಳಗೆ ಸೇರಿಸಿದರು. ಅಂಚು ತಟ್ಟೆಯ ಅಗಲದ ಆರನೇ ಒಂದು ಭಾಗಕ್ಕಿಂತ ಕಡಿಮೆ ಇರಬಾರದು ಅಂತಲೂ ಬರೆದರು. ನನಗೆ ನಾಚಿಕೆ. ಸೋತಿದ್ದನ್ನೆಲ್ಲ ಸರ್ಕಾರಕ್ಕೆ ಬರೆದುಕೊಡುವುದೇ?

2023ರ ಜನವರಿಯಲ್ಲಿ ಅದನ್ನು ಸಲ್ಲಿಸಿದೆವು. ಅರ್ಜಿ ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟ ಆಗುತ್ತದೆ. ಬೇಗ ಬೇಕಾದರೆ ಫಾರಂ 9, ಅದಕ್ಕೆ 2,500. ಪರೀಕ್ಷೆ ಮಾಡಿ ಅಂತ ಬೇರೆಯಾಗಿ ಕೇಳಬೇಕು, ಕೇಳದೆ ಯಾರೂ ನೋಡಲ್ಲ. ಅದಕ್ಕೆ 4,000. ಅರ್ಜಿದಾರರಲ್ಲಿ ಹೆಂಗಸು ಇದ್ದರೆ 18ಎ ಅನ್ನುವ ಫಾರಂ ಹಾಕಿ ಶೀಘ್ರ ಪರೀಕ್ಷೆ ಕೇಳಬಹುದು, 2019ರಿಂದ ಆ ಸವಲತ್ತು ಇದೆ, ಅದಕ್ಕೆ 8,000. "ಯಜಮಾನರ ಹೆಸರಲ್ಲಿ ಹಾಕಿದ್ದರೆ ಸಾಲಿನಲ್ಲಿ ನಿಲ್ಲಬೇಕಿತ್ತು" ಅಂತ ಏಜೆಂಟರು ನಕ್ಕರು. ಯಜಮಾನರು ನಗಲಿಲ್ಲ.

ಅರ್ಜಿಗಳು ಪ್ರಕಟ ಆಗುವುದು ಪೇಟೆಂಟ್ ಕಚೇರಿಯ ಜರ್ನಲ್‌ನಲ್ಲಿ, ಅದು ಪ್ರತಿ ಶುಕ್ರವಾರ ಬರುತ್ತದೆ. ಒಂದು ಶುಕ್ರವಾರ ಅದರಲ್ಲಿ ನನ್ನ ಹೆಸರು ಬಂತು. ಅದಾದ ತಿಂಗಳಲ್ಲೇ ದಪ್ಪ ಕಾಗದದ ಮೇಲೆ ಮುದ್ರೆ ಒತ್ತಿದ ಒಂದು ಪತ್ರವೂ ಬಂತು. ನಿಮ್ಮ ಆವಿಷ್ಕಾರವನ್ನು ಅಂತರರಾಷ್ಟ್ರೀಯ ರಿಜಿಸ್ಟರಿನಲ್ಲಿ ಸೇರಿಸಲು ಇಷ್ಟು ಡಾಲರ್ ಕಟ್ಟಿ ಅಂತ. ಯಜಮಾನರು ಬ್ಯಾಂಕಿಗೆ ಹೊರಟೇಬಿಟ್ಟಿದ್ದರು. ಇವೆಲ್ಲ ಜರ್ನಲ್ ನೋಡಿ ವಿಳಾಸ ಎತ್ತಿಕೊಂಡು ಕಳಿಸುವ ಪತ್ರಗಳಂತೆ, ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯೇ ಎಚ್ಚರಿಕೆ ಕೊಟ್ಟಿದೆಯಂತೆ. ಪತ್ರ ಒಲೆಗೆ ಹೋಯಿತು. ಮಗ ಡಬ್ಬಕ್ಕೆ ಅಂಟಿಸಲು 'ಪೇಟೆಂಟೆಡ್' ಅಂತ ಸ್ಟಿಕ್ಕರ್ ಮಾಡಿಸಿಟ್ಟಿದ್ದ, ಅದನ್ನೂ ಕಿತ್ತಿಸಿದೆ. ಮಂಜೂರಾಗದೆ ಹಾಗೆ ಬರೆದರೆ ದಂಡ ಬೀಳುತ್ತದೆ.

ಪರೀಕ್ಷಕರ ವರದಿ ಬಂದಾಗ ಮನೆಯಲ್ಲಿ ಸಾವಿನ ಸುದ್ದಿ ಬಂದ ಹಾಗಿತ್ತು. ಎಲ್ಲದಕ್ಕೂ ಇಲ್ಲ. ಎರಡು ಮುಚ್ಚಳದ ಡಬ್ಬ ಹೊಸದಲ್ಲ. ಪಾತ್ರೆಯೊಳಗೆ ಒತ್ತುವ ತಟ್ಟೆಯೂ ಹೊಸದಲ್ಲ. ಎರಡನ್ನೂ ಸೇರಿಸುವುದು ಆ ಕೆಲಸ ಗೊತ್ತಿರುವ ಯಾರಿಗಾದರೂ ಹೊಳೆಯುವಂಥದ್ದು. ಮೇಲಾಗಿ ಕಾಯ್ದೆಯ ಸೆಕ್ಷನ್ 3(ಎಫ್). ಗೊತ್ತಿರುವ ಸಾಮಾನುಗಳನ್ನು ಪಕ್ಕಪಕ್ಕ ಜೋಡಿಸಿ, ಒಂದೊಂದೂ ತನ್ನ ಪಾಡಿಗೆ ತಾನು ಹಳೆ ಕೆಲಸವನ್ನೇ ಮಾಡಿಕೊಂಡಿದ್ದರೆ ಅದು ಆವಿಷ್ಕಾರ ಅಲ್ಲ. ಅಡುಗೆಮನೆ ಸಾಮಾನು ಮಾಡುವವರು ತಪ್ಪದೆ ಎಡವುವ ಕಲ್ಲು ಇದು ಅಂತ ಏಜೆಂಟರು ಹೇಳಿದರು.

ಉತ್ತರ ಕೊಡಲು ಆರು ತಿಂಗಳು. ಏಜೆಂಟರಿಗೆ ಗಾಬರಿ ಇರಲಿಲ್ಲ. ಬೇಲಿಯನ್ನು ಒಳಗೆ ಸರಿಸೋಣ ಅಂದರು. ಎರಡು ಬಾಯಿ ಬಿಟ್ಟುಕೊಡೋಣ, ಬರೀ ತಟ್ಟೆಯನ್ನೂ ಬಿಟ್ಟುಕೊಡೋಣ. ಅಗಲದ ಆರನೇ ಒಂದರಷ್ಟು ಅಂಚು, ಗಾಳಿ ತೂತು, ಒಳಸರಿದ ಮುಚ್ಚಳ, ಇವು ಮೂರೂ ಸೇರಿದ್ದು ಮಾತ್ರ ನಮ್ಮದು ಅನ್ನೋಣ. ನನಗೆ ಹೊಟ್ಟೆ ಉರಿಯಿತು. ಬುಡಮೇಲು ಮಾಡುವ ಉಪಾಯವೇ ನನ್ನದು ಅಂದುಕೊಂಡಿದ್ದೆ, ಕೈಯಲ್ಲಿ ಉಳಿದದ್ದು ಅಂಚು. ಆಗ ಅವರು ಪಟ್ಟಿಯ ವಿಷಯ ಬಿಡಿಸಿ ಹೇಳಿದರು. ಮೊದಲು ಬರೆದುಕೊಟ್ಟ ವಿವರಣೆಯಲ್ಲಿ ಇಲ್ಲದ್ದನ್ನು ಆಮೇಲೆ ತಿದ್ದುಪಡಿಯಲ್ಲಿ ತುರುಕಲು ಬರುವುದಿಲ್ಲ. ಕಚ್ಚಿದ ತಟ್ಟೆಗಳ ಅಳತೆ ಅವತ್ತು ಸೇರಿಸಿರದಿದ್ದರೆ, ಈಗ ಆರನೇ ಒಂದು ಅನ್ನುವ ಮಾತು ಎತ್ತುವ ಹಾಗೇ ಇರಲಿಲ್ಲ.

2024ರ ಶುರುವಿನಲ್ಲಿ ವಿಚಾರಣೆ, ವಿಡಿಯೊ ಕಾನ್ಫರೆನ್ಸ್‌ನಲ್ಲಿ. ನಾನು ಏಜೆಂಟರ ಆಫೀಸಿಗೆ ಡಬ್ಬ ಹೊತ್ತುಕೊಂಡು ಹೋದೆ. ಶಕ್ತಿ ಯೋಜನೆಯಲ್ಲಿ ಬಸ್ಸಿಗೆ ನನಗೆ ದುಡ್ಡಿಲ್ಲ, ಡಬ್ಬಕ್ಕೆ ಮಾತ್ರ ಕಂಡಕ್ಟರ್ ಲಗೇಜ್ ಟಿಕೆಟ್ ಹರಿದರು. ಒಳಗೆ ಏನಮ್ಮಾ ಅಂದರು. ಹಿಟ್ಟು ಅಂದೆ. ತುಮಕೂರಿಂದ ಬೆಂಗಳೂರಿಗೆ ಹಿಟ್ಟು ಹೊರುವ ಹೆಂಗಸನ್ನು ಅವರು ಇನ್ನೊಂದು ಸಲ ನೋಡಿದರು.

ಪರದೆಯ ಮೇಲಿದ್ದ ಅಧಿಕಾರಿ ಮೃದುವಾಗಿ ಮಾತಾಡುವವರು. ಏಜೆಂಟರು ಹತ್ತು ನಿಮಿಷ ಸೆಕ್ಷನ್ನು, ಹಳೆ ದಾಖಲೆ ಅಂತ ಇಂಗ್ಲಿಷಿನಲ್ಲಿ ವಾದಿಸಿದರು. ಕೊನೆಗೆ ಅಧಿಕಾರಿ ಕೇಳಿದ ಪ್ರಶ್ನೆ ಒಂದೇ: ಅಂಚು ಕಡಿಮೆ ಮಾಡಿದರೆ ಏನಾಗುತ್ತದೆ? ಏಜೆಂಟರು ನನ್ನ ಕಡೆ ನೋಡಿದರು. ನಾನು 1 ಸೆಂಟಿಮೀಟರ್ ತಟ್ಟೆಯನ್ನೂ ಚೀಲದಲ್ಲಿ ತಂದಿದ್ದೆ. ಅದನ್ನು ಹಾಕಿ, ಹಿಟ್ಟು ಸುರಿದು, ಕ್ಯಾಮೆರಾ ಮುಂದೆ ಡಬ್ಬ ತಿರುಗಿಸಿದೆ. ಮುಚ್ಚಳ ತೆಗೆದು ತೋರಿಸಿದರೆ ತಟ್ಟೆ ಓರೆಯಾಗಿ ಕಚ್ಚಿಕೊಂಡಿತ್ತು. 5 ಸೆಂಟಿಮೀಟರಿನದು ಹಾಕಿದೆ. ತಿರುಗಿಸಿದೆ. ಸುಯ್ ಅಂತ ಜಾರಿ ನೆಟ್ಟಗೆ ಕೂತಿತು. ತೂತಿಗೆ ಸೆಲೋಟೇಪ್ ಅಂಟಿಸಿ ಇನ್ನೊಂದು ಸಲ ತಿರುಗಿಸಿದೆ, ಅರ್ಧಕ್ಕೇ ನಿಂತಿತು. ಒಂದಕ್ಕೊಂದು ಬೇಕು, ತಮ್ಮ ಪಾಡಿಗೆ ತಾವಿಲ್ಲ ಅಂತ ತೋರಿಸಿದ್ದಾಯಿತು. ಆಫೀಸಿನ ಮೇಜು, ಕೀಬೋರ್ಡು, ಏಜೆಂಟರ ಸೀರೆ, ಎಲ್ಲದರ ಮೇಲೂ ರಾಗಿ ಹಿಟ್ಟು. 15 ದಿನದೊಳಗೆ ಅದನ್ನೇ ಬರಹದಲ್ಲೂ ಕೊಟ್ಟೆವು. ಏಪ್ರಿಲ್‌ನಲ್ಲಿ ಮಂಜೂರಾಯಿತು.

ಅವಧಿ 20 ವರ್ಷ. ಮಂಜೂರಾದ ದಿನದಿಂದ ಅಲ್ಲ, ಅರ್ಜಿ ಹಾಕಿದ ದಿನದಿಂದ. ಮೂರನೇ ವರ್ಷದಿಂದ ನವೀಕರಣ ಶುಲ್ಕ, ಮೊದಲು ವರ್ಷಕ್ಕೆ 800, ಬರಬರುತ್ತಾ ಏರಿ ಕೊನೆಯ ಐದು ವರ್ಷ 8,000. ಕಟ್ಟದಿದ್ದರೆ ಬಿದ್ದುಹೋಗುತ್ತದೆ. ಪೇಟೆಂಟು ಭಾರತದೊಳಗೆ ಮಾತ್ರ. ಹೊರದೇಶಕ್ಕೆ ಹಾಕುವ ದುಡ್ಡಿನಲ್ಲಿ ಇನ್ನೊಂದು ಮಿಷನ್ ಬರುತ್ತಿತ್ತು, ಆ ಮಾತೇ ಎತ್ತಲಿಲ್ಲ.

ಒಂದು ಪಾತ್ರೆ ಕಂಪನಿಯವರು ಕರೆಸಿಕೊಂಡು ನೋಡಿದರು. ಚೆನ್ನಾಗಿದೆ ಅಂದರು, ಎರಡು ಮುಚ್ಚಳ ಅಂದರೆ ಖರ್ಚು ಜಾಸ್ತಿ ಅಂದರು, ಕಾಫಿ ಕೊಟ್ಟು ಕಳಿಸಿದರು. ಸದ್ಯಕ್ಕೆ ಟ್ರಂಕ್ ಅಂಗಡಿಯವರೇ ಮಾಡಿಕೊಡುತ್ತಾರೆ, ನಾನು ಮಿಷನ್ನಿನಲ್ಲಿ ಇಟ್ಟು ಮಾರುತ್ತೇನೆ. 140 ಹೋಗಿವೆ. ಹೋದ ವರ್ಷ ಪೇಟೆಯಲ್ಲಿ ಒಂದು ಅಂಗಡಿಯಲ್ಲಿ ಎರಡು ಬಾಯಿಯ ಪ್ಲಾಸ್ಟಿಕ್ ಡಬ್ಬ ನೋಡಿ ಮೈ ಉರಿದು ಏಜೆಂಟರಿಗೆ ಫೋಟೊ ಕಳಿಸಿದೆ. "ಒಳಗೆ ತಟ್ಟೆ ಇದೆಯಾ?" ಇಲ್ಲ. "ಹಾಗಾದರೆ ಅದು ನಿಮ್ಮದಲ್ಲ."

ಮೊನ್ನೆ ನಮ್ಮ ಡಬ್ಬವನ್ನೇ ಕೊಂಡಿದ್ದ ಒಬ್ಬಾಕೆ ರಾಗಿ ಬೀಸಿಸಲು ಬಂದಳು. ಮುಚ್ಚಳ ತೆಗೆದರೆ ತಟ್ಟೆ ಇಲ್ಲ. ಎಲ್ಲಮ್ಮಾ ಅಂದೆ.

"ಅಯ್ಯೋ ಅದಾ ಅಕ್ಕಾ? ಹಾಲಿನ ಪಾತ್ರೆ ಮುಚ್ಚೋಕೆ ಇಟ್ಕೊಂಡಿದೀನಿ. ತೂತು ಇದೆಯಲ್ಲ, ಹಾಲು ಉಕ್ಕಲ್ಲ. ತುಂಬಾ ಚೆನ್ನಾಗಿದೆ."

ಡಬ್ಬದ ತಳದಲ್ಲಿ ನಾಲ್ಕು ಬೆರಳು ಹಿಟ್ಟು ಇತ್ತು. "ಅದರ ಮೇಲೇ ಹಾಕ್ಬಿಡಿ ಅಕ್ಕಾ" ಅಂದಳು. ಹಾಕಿದೆ.